‘ಸಾವ್ಕಾರ ಬಂದಾನ’ ಹಾಡನ್ನು ನಾವು ಬಾರಿಸಿದ ಬಗೆ

ನಮ್ಮ ಕಸುಬಿನಲ್ಲಿ ನಿವೃತ್ತಿಗೆ ವಯಸ್ಸಿನ ಲೆಕ್ಕವಿಲ್ಲ, ಹಲ್ಲಿನ ಲೆಕ್ಕ. ಕ್ಲಾರಿನೆಟ್ ಊದುವವನ ಮೇಲಿನ ಮುಂದಿನ ಹಲ್ಲುಗಳು ವಾದ್ಯದ ಬಾಯಿಯ ಮೇಲೆ ಗಟ್ಟಿಯಾಗಿ ಊರಿಕೊಂಡಿರಬೇಕು. ಅವು ಅಲುಗಾಡತೊಡಗಿದವು ಎಂದರೆ ನಿಮ್ಮ ನೌಕರಿ ಮುಗಿಯಿತು. ಶಾಲಿಲ್ಲ, ಹಾರವಿಲ್ಲ, ಪಿಂಚಣಿಯ ಮಾತಂತೂ ಕೇಳಲೇಬೇಡಿ. ನನ್ನ ಹಲ್ಲು ಅಫಜಲಪುರದ ಒಂದು ಮದುವೆಯಲ್ಲಿ ಶೇಂಗಾ ಹೋಳಿಗೆ ಕಡಿಯುವಾಗ ಕಿತ್ತು ಬಂತು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದೆ, ಉಳಿದ ಹೋಳಿಗೆಯನ್ನು ಒಳದವಡೆಯಿಂದ ತಿಂದು ಮುಗಿಸಿದೆ, ಕ್ಲಾರಿನೆಟ್ಟನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟೆ. ಅಂದಿನಿಂದ ನಾನು ನಿವೃತ್ತ.

ಆಳಂದದಲ್ಲಿ ನಮ್ಮ ಬ್ಯಾಂಡ್ ಗೊತ್ತಿಲ್ಲದ ಮನೆ ಕಡಿಮೆ. ಮರೆಪ್ಪ ಮಾಸ್ತರ ಎಂದರೆ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ನನ್ನ ಮನೆ ತೋರಿಸುತ್ತಾರೆ. ಹಾಗೆ ಕೇಳಿಕೊಂಡು ಈಗೀಗ ಹೊಸದಾಗಿ ಬ್ಯಾಂಡಿಗೆ ಸೇರಿದ ಹುಡುಗರು ಬರುತ್ತಾರೆ. ಬಂದವರೆಲ್ಲರದೂ ಒಂದೇ ಮಾತು: “ಮಾಸ್ತರ, ಈಗ ಯಾವ ಹಾಡು ಜೋರ್ ನಡ್ಯಾಕತ್ತಾವ, ಅವಷ್ಟು ಹೇಳಿಕೊಡ್ರಿ. ಸೀಜನ್ ಬಂತು.” ನಾನು ಹೇಳಿಕೊಡುವುದಿಲ್ಲ. ಜೋರು ನಡೆಯುವ ಹಾಡನ್ನು ಕಲಿಸಲು ಮಾಸ್ತರ ಬೇಕಿಲ್ಲ, ಓಣಿಯ ಮೂಲೆಯಲ್ಲಿ ನಿಂತರೆ ಸಾಕು, ಕಿವಿಗೆ ತಾನೇ ಬಂದು ಬೀಳುತ್ತದೆ. ಆ ಹಾಡು ಯಾರನ್ನು ಕುಣಿಸುತ್ತದೆ, ಯಾರನ್ನು ಬಗ್ಗಿಸುತ್ತದೆ ಎಂಬುದನ್ನು ಮಾತ್ರ ಹೇಳುತ್ತೇನೆ. ಕೇಳಲು ವೇಳೆ ಇಲ್ಲದವರು ಎದ್ದು ಹೋಗಬಹುದು, ಚಹಾ ಉಳಿಯುತ್ತದೆ.

ನನಗೆ ಕಸುಬು ಕಲಿಸಿದವರು ಉಸ್ತಾದ ಮಹಬೂಬಸಾಬರು. ಬ್ಯಾಂಡಿನ ಮಾಲೀಕರೂ ಅವರೇ. ಆಗ ಹಾಡು ಕಲಿಯಲು ಮೊಬೈಲು ಇರಲಿಲ್ಲ. ಆಳಂದದ ಟಾಕೀಜಿಗೆ ಹೊಸ ಸಿನಿಮಾ ಬಂದರೆ ಉಸ್ತಾದರು ನಮ್ಮನ್ನೆಲ್ಲ ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ಮೊದಲ ದಿನ ಸಿನಿಮಾ ನೋಡಬಹುದು. ಮರುದಿನದಿಂದ ಕಣ್ಣು ಮುಚ್ಚಿ ಕೂತು ಹಾಡು ಕೇಳಬೇಕು, ಕಣ್ಣು ತೆರೆದವನ ತಲೆಗೆ ಹಿಂದಿನಿಂದ ಒಂದು ಬೀಳುತ್ತಿತ್ತು. ಹೊರಗೆ ಬಂದ ಮೇಲೆ ವಾದ್ಯ ಮುಟ್ಟುವಂತಿಲ್ಲ. ಮೊದಲು ಹಾಡಿನ ಮಾತು ಒಪ್ಪಿಸಬೇಕು, ಅರ್ಥ ಹೇಳಬೇಕು. ನನಗೆ ಸಿಟ್ಟು ಬರುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ.

“ಉಸ್ತಾದ, ನಮ್ಮ ಪೀಪಿಗೆ ಮಾತೆಲ್ಲಿ ಬರ್ತದ್ರಿ? ಅದು ಬರೀ ಸ್ವರ ಊದ್ತದ. ಮಾತು ಕಲ್ತು ಏನ್ ಮಾಡೋದದ?”

ಉಸ್ತಾದರು ಎಲೆಯಡಿಕೆ ಉಗುಳಿ ಬಂದು ನನ್ನ ಎದುರು ಕೂತರು. “ಊದಾವ ನೀನಪ್ಪ, ಹಾಡಾವ್ರು ಅವ್ರು. ಓಣ್ಯಾಗಿನ ಮಂದಿ. ನೀ ಸ್ವರ ಹಚ್ಚಿದ ಕೂಡಲೆ ಅವರ ಬಾಯಾಗ ಮಾತು ತಾನ ಬರ್ತಾವ. ಅವರ ಬಾಯಾಗ ಏನ್ ಹಾಕಾಕತ್ತೀ ಅನ್ನೋದು ನಿನಗ ಗೊತ್ತಿರಬೇಕೋ ಬ್ಯಾಡೋ?”

ಆ ಮಾತು ನನ್ನ ತಲೆಗೆ ಹೋಗಿದ್ದು ಜೇವರ್ಗಿಯಲ್ಲಿ. ಅಲ್ಲೊಬ್ಬರು ಹೊಸದಾಗಿ ರೈತರ ತೊಗರಿ ತೂಗಿ ಕೊಳ್ಳುವ ಅಡತಿ ಅಂಗಡಿ ತೆರೆದಿದ್ದರು, ಪೂಜೆಗೆ ನಮ್ಮ ಬ್ಯಾಂಡ್. ಉಸ್ತಾದರಿಗೆ ಜ್ವರ ಬಂದು, ಹಾಡು ಆರಿಸುವ ಹೊಣೆ ನನ್ನ ಮೇಲೆ ಬಿತ್ತು. ಆ ವರ್ಷ ಊರೆಲ್ಲ ಒಂದೇ ಪ್ರೇಮಗೀತೆ ಗುನುಗುತ್ತಿತ್ತು, ಸ್ವರ ಬಹಳ ಚೆಂದ. ನಾನು ಅದನ್ನೇ ಹಚ್ಚಿದೆ. ಅಂಗಡಿ ಮುಂದೆ ಚೀಲ ಇಳಿಸಿಕೊಂಡು ನಿಂತಿದ್ದ ರೈತರು ಮೊದಲು ಮುಗುಳ್ನಕ್ಕರು, ಆಮೇಲೆ ಒಬ್ಬ ಶುರುಮಾಡಿದ, ಎಲ್ಲರೂ ಚಪ್ಪಾಳೆ ತಟ್ಟಿ ಹಾಡತೊಡಗಿದರು: “ತೂಗುವಾಗ ನೋಡಿ ತೂಗೋ ಗೆಳೆಯಾ, ತಕ್ಕಡಿಯಾಗ ಮೋಸ ಮಾಡಬ್ಯಾಡೋ.” ಹಾಡಿನಲ್ಲಿ ಹುಡುಗಿ ತನ್ನ ಪ್ರೀತಿಯನ್ನು ತೂಗು ಅನ್ನುತ್ತಾಳೆ. ರೈತರಿಗೆ ಪ್ರೀತಿ ಎಲ್ಲಿಂದ ನೆನಪಾಗಬೇಕು, ಎದುರಿಗೆ ಚೀಲ ತೂಗುವ ದೊಡ್ಡ ಕಾಟಾ ನಿಂತಿತ್ತು. ಅಂಗಡಿಯವರು ಕೈಯಲ್ಲಿ ತೆಂಗಿನಕಾಯಿ ಹಿಡಿದು ಕೆಂಪಗಾಗಿ ನಿಂತುಬಿಟ್ಟರು. ಊಟ ಹಾಕದೆ ನಮ್ಮನ್ನು ಕಳಿಸಿದರು. ಸಂಜೆ ಸುದ್ದಿ ಕೇಳಿದ ಉಸ್ತಾದರು ಜ್ವರದಲ್ಲೇ ನಕ್ಕು ನಕ್ಕು ಕೆಮ್ಮಿದರು. “ಈಗ ಅರ್ಥ ಆತಿಲ್ಲೋ” ಎಂದರು. ಆಗಿತ್ತು.

ಉಸ್ತಾದರು ಹೋದ ಮೇಲೆ ಬ್ಯಾಂಡ್ ನನ್ನ ಕೈಗೆ ಬಂತು. ಸೈಡ್ ಡ್ರಮ್ಮಿಗೆ ಹುಸೇನಿ ಇದ್ದ. ಉಸ್ತಾದರ ಅಕ್ಕನ ಮಗ, ನನ್ನ ವಾರಿಗೆಯವ, ಮಾತು ಕಡಿಮೆ. ಸೊಂಟಕ್ಕೆ ಕಟ್ಟಿಕೊಂಡು ಎರಡು ಕಡ್ಡಿಯಿಂದ ಬಾರಿಸುವ ಆ ಡ್ರಮ್ಮೇ ಬ್ಯಾಂಡಿನ ಕಾಲು. ಅದು ನಡೆದಷ್ಟು ಜೋರಾಗಿ ಮೆರವಣಿಗೆ ನಡೆಯುತ್ತದೆ. ಟಾಕೀಜು ಹೋಗಿ ಕ್ಯಾಸೆಟ್ ಬಂತು, ಕ್ಯಾಸೆಟ್ ಹೋಗಿ ಮೊಬೈಲು ಬಂತು. ಹುಡುಗರು ಹಾಡಿನ ನಡುವಿನ ಎರಡು ಸಾಲು ಕೇಳಿ ಅದನ್ನೇ ತಿರುಗಾಮುರುಗಾ ಊದತೊಡಗಿದರು. ಮಾತು ಒಪ್ಪಿಸು ಎಂದರೆ ನಗುತ್ತಿದ್ದರು. ಆಗ ಬಂತು ನೋಡಿ ಆ ಹಾಡು.

‘ಸಾವ್ಕಾರ ಬಂದಾನ, ದಾರಿ ಬಿಡ್ರಿ, ಕುಂತವ್ರು ಎದ್ದು ಕೈ ಮುಗೀರಿ.’

ಸಿನಿಮಾದ್ದಲ್ಲ. ಯಾವುದೋ ಊರಿನ ಸಣ್ಣ ಸ್ಟುಡಿಯೋದಲ್ಲಿ ಮಾಡಿದ್ದು. ಅದು ಕಿವಿಗೆ ಬೀಳದ ಜಾಗ ಉಳಿಯಲಿಲ್ಲ. ಆಟೋದಲ್ಲಿ ಅದು, ಕಟಿಂಗ್ ಅಂಗಡಿಯಲ್ಲಿ ಅದು, ಹವಳಗಾ ಸಕ್ಕರೆ ಕಾರ್ಖಾನೆ ಕಡೆ ಕಬ್ಬು ಹೊತ್ತು ಹೋಗುವ ಪ್ರತಿ ಟ್ರ್ಯಾಕ್ಟರಿನಲ್ಲೂ ಅದು. ಇಜೇರಿಯಲ್ಲಿ ಒಂದು ಶಾಲೆಯ ಗ್ಯಾದರಿಂಗಿಗೆ ಹೋಗಿದ್ದೆ, ಸಣ್ಣ ಸಣ್ಣ ಮಕ್ಕಳು ಸುಳ್ಳು ಮೀಸೆ ಅಂಟಿಸಿಕೊಂಡು ಅದಕ್ಕೇ ಕುಣಿದರು. ಒಂದು ಮದುವೆಯಲ್ಲಿ ವರ ಇಳಿಯುವಾಗ ಒಮ್ಮೆ, ಅಕ್ಕಿಕಾಳು ಬಿದ್ದ ಮೇಲೆ ಒಮ್ಮೆ, ಊಟಕ್ಕೆ ಕೂರುವಾಗ ಒಮ್ಮೆ. ಊಟಕ್ಕೆ ಕೂತವರಿಗೆ ಎದ್ದು ನಿಲ್ಲಿ ಅನ್ನುವ ಹಾಡು. ನನ್ನ ನಾಲಿಗೆ ಆ ಸ್ವರಕ್ಕೆ ರೋಸಿಹೋಯಿತು.

ರೋಸಿದ್ದು ಬರೀ ನಾಲಿಗೆಯಲ್ಲ. ಆ ಮಾತು ಯಾರಿಗೆ ಹೇಳಿದ್ದು ಎಂದು ನನಗೆ ಗೊತ್ತಿತ್ತು. ನನ್ನಪ್ಪ ಸಾವ್ಕಾರರ ಕಟ್ಟೆ ಬಂದರೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದ. ನಾವು ಅದನ್ನು ಬಿಟ್ಟು ಒಂದು ತಲೆಮಾರು ಆಗಿಲ್ಲ, ಅದೇ ಮಾತು ತಾಳ ಹಾಕಿಕೊಂಡು ವಾಪಸು ಬಂತು. ಹೆಚ್ಚು ಹೊಟ್ಟೆ ಉರಿಸಿದ್ದು ನಮ್ಮ ಕೇರಿಯ ಹುಡುಗರೇ ಅದಕ್ಕೆ ಜೋರಾಗಿ ಕುಣಿದದ್ದು. ಬುದ್ಧವಿಹಾರದ ಮುಂದೆ ಒಬ್ಬನನ್ನು ಹಿಡಿದು ನಿಲ್ಲಿಸಿದೆ.

“ಯಾಕ್ಲೇ, ಯಾರಿಗಿ ಎದ್ದು ಕೈ ಮುಗೀ ಅನ್ನಾಕತ್ತದ ಅದು? ನಿನಗೇ ಅನ್ನಾಕತ್ತದ.”

“ಕಾಕಾ, ಹಾಡದ ಅದು. ಕುಣಿತೀವಿ, ಬಿಡ್ತೀವಿ. ನೀವು ಎಲ್ಲಾದಕ್ಕೂ ರಾಜಕೀಯ ಹಚ್ಚತೀರಿ.”

ರಾಜಕೀಯ ನಾನು ಹಚ್ಚಲಿಲ್ಲ, ಮೊದಲೇ ಹಚ್ಚಿ ಕಳಿಸಿದ್ದರು. ಆ ಸ್ಟುಡಿಯೋದವರ ವ್ಯಾಪಾರ ನನಗೆ ಆಮೇಲೆ ತಿಳಿಯಿತು. ಹಾಡಿನ ಮುಂದಿನ ಸಾಲಿನಲ್ಲಿ ಒಂದು ಹೆಸರು ಬರುತ್ತಿತ್ತು. ಆ ಜಾಗ ಖಾಲಿ ಇಟ್ಟು, ಯಾವ ಊರಿನ ದೊಡ್ಡವರು ಕೇಳುತ್ತಾರೋ ಅವರ ಹೆಸರು ತುಂಬಿ ಕೊಡುತ್ತಿದ್ದರು. ಒಂದೇ ಸ್ವರ, ಒಂದೇ ಕುದುರೆ ಖುರದ ಸದ್ದು, ಊರಿಗೊಬ್ಬ ಸಾವ್ಕಾರ. ಚುನಾವಣೆ ಹೊತ್ತಿನಲ್ಲಿ ಅಫಜಲಪುರದಲ್ಲಿ ಎದುರಾಳಿಗಳ ಎರಡು ಟಂಟಂ ಗಾಡಿ ಸಣ್ಣ ರಸ್ತೆಯಲ್ಲಿ ಎದುರುಬದುರಾದವು. ಎರಡರಲ್ಲೂ ಅದೇ ಹಾಡು, ದಾರಿ ಬಿಡ್ರಿ, ದಾರಿ ಬಿಡ್ರಿ. ಇಬ್ಬರೂ ಬಿಡಲಿಲ್ಲ. ಹಿಂದೆ ಬಸ್ಸು ಸಾಲುಗಟ್ಟಿ ನಿಂತವು. ಕೊನೆಗೆ ಬಾಳೆಹಣ್ಣು ಮಾರುವ ಹೆಂಗಸೊಬ್ಬಳು ಎದ್ದು ಬಂದು ಇಬ್ಬರು ಡ್ರೈವರುಗಳಿಗೂ ಮರ್ಯಾದೆಯಿಲ್ಲದ ಮಾತು ಬೈದು ಗಾಡಿ ಹಿಂದಕ್ಕೆ ತೆಗೆಸಿದಳು. ಅಷ್ಟು ದಿನದಲ್ಲಿ ಆ ಹಾಡಿಗೆ ಸರಿಯಾದ ಉತ್ತರ ಕೊಟ್ಟವಳು ಅವಳೊಬ್ಬಳೇ ಅನ್ನಿಸಿತು.

ನಮ್ಮ ಬ್ಯಾಂಡಿನ ದೊಡ್ಡ ಎಡವಟ್ಟೂ ಆ ಹಾಡಿನಿಂದಲೇ ಆಯಿತು. ಆಳಂದದ ಹತ್ತಿರ ಒಂದು ಊರು, ಶರಣರ ಮನೆತನದ ಹಿರಿಯರೊಬ್ಬರು ತೀರಿಕೊಂಡಿದ್ದರು. ಬಾಳಿ ಬದುಕಿದ ಜೀವ, ಆದ್ದರಿಂದ ಬ್ಯಾಂಡ್ ಹೇಳಿದ್ದರು. ಆ ಮನೆತನಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹೂವಿನಿಂದ ಸಿಂಗರಿಸಿದ, ವಿಮಾನವೆಂಬ ಮಂಟಪದಲ್ಲಿ ಕೂರಿಸಿ, ಹಾರ ಹಾಕಿ, ಹಣೆಗೆ ವಿಭೂತಿ ಬಳಿದು, ಮೆರವಣಿಗೆಯಲ್ಲಿ ಒಯ್ಯುತ್ತಾರೆ. ಸಾವಿನ ನಡಿಗೆಗೆ ಹುಸೇನಿ ಡ್ರಮ್ಮನ್ನೇ ಬೇರೆ ಮಾಡುತ್ತಿದ್ದ. ಕೆಳಗಿನ ತಂತಿ ಸಡಿಲಿಸಿ, ಮೇಲೆ ಹೆಗಲ ಮೇಲಿನ ಟವೆಲ್ ಹಾಸಿ ಬಾರಿಸಿದರೆ ಟರ್ ಅನ್ನುವ ಡ್ರಮ್ಮು ಧಬ್ ಅನ್ನುತ್ತದೆ. ಧಬ್, ಒಂದು ಹೆಜ್ಜೆ, ಧಬ್, ಇನ್ನೊಂದು ಹೆಜ್ಜೆ. ನಮ್ಮ ಕಡೆ ಆ ಸದ್ದು ಕೇಳಿದರೆ ಮನೆಯೊಳಗಿದ್ದವರಿಗೂ ಹೆಣ ಬರುತ್ತಿದೆ ಎಂದು ತಿಳಿಯುತ್ತದೆ. ಕಟ್ಟೆಯ ಮೇಲೆ ಕೂತವರು ಎದ್ದು ನಿಲ್ಲುತ್ತಾರೆ. ಹೆಣ ಬಾಗಿಲು ದಾಟಿದ ಮೇಲೆ ಹೆಂಗಸರು ಕೊಡ ತಂದು ಮನೆಯ ಮುಂದೆ ನೀರು ಚೆಲ್ಲುತ್ತಾರೆ.

ನಮ್ಮ ಕಾರ್ನೆಟ್ಟಿನವನು, ಅಂದರೆ ಹಿತ್ತಾಳೆಯ ಗಿಡ್ಡ ತುತ್ತೂರಿ ಊದುವವನು, ಆ ವಾರವಿಡೀ ಮದುವೆ ಬಾರಿಸಿ ನಿಂತಲ್ಲೇ ತೂಕಡಿಸುತ್ತಿದ್ದ. ಭಜನೆ ನಿಂತು ನಮ್ಮ ಸರದಿ ಬಂದಾಗ ಅವನ ಬಾಯಿ ಅಭ್ಯಾಸದಿಂದ ಅದನ್ನೇ ಹಿಡಿಯಿತು. ಸಾವ್ಕಾರ ಬಂದಾನ. ಹೆಣದ ಮುಂದೆ ಬ್ಯಾಂಡ್ ಅರ್ಧಕ್ಕೆ ನಿಲ್ಲಿಸುವುದು ದೊಡ್ಡ ಅವಮಾನ, ನಿಲ್ಲಿಸುವಂತಿಲ್ಲ. ಹುಸೇನಿಯ ಕಡೆ ನೋಡಿದೆ. ಅವನು ಧಬ್ ಬಿಡಲಿಲ್ಲ, ಅದೇ ನಡಿಗೆಯಲ್ಲಿ ಇಟ್ಟ. ನಾನೂ ಕ್ಲಾರಿನೆಟ್ಟನ್ನು ಎಳೆದು ಎಳೆದು ಅವನ ಹಿಂದೆ ಹೋದೆ. ಖುಷಿಯ ಹಾಡು ಹೋಗಿ ಅಳುವ ಹಾಡಾಯಿತು. ಮುದುಕಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಹತ್ತಿರ ಬಂದು, “ಎಂಥಾ ಛಂದ ಹಾಡು ಹಚ್ಚೀಯಪ್ಪ, ಕರುಳು ಕಿತ್ತು ಬಂತು” ಎಂದಳು. ಹಿಂದೆ ತಿರುಗಿ ನೋಡಿದರೆ ಓಣಿಯುದ್ದಕ್ಕೂ ಬಾಗಿಲ ಮುಂದೆ ನೆಲ ಒದ್ದೆಯಾಗಿತ್ತು. ಮಣ್ಣು ಮುಗಿಸಿ ಬೇವಿನ ಮರದ ಕೆಳಗೆ ಕೂತಾಗ ನಾನು ಆ ಕಾರ್ನೆಟ್ಟಿನವನನ್ನು ಬಾಯಿಗೆ ಬಂದಂತೆ ಬೈದೆ. ಹುಸೇನಿ ಬೀಡಿ ಹಚ್ಚಿಕೊಂಡು ಒಂದೇ ಮಾತು ಹೇಳಿದ.

“ಬೈಬ್ಯಾಡ್ರಿ ಮಾಸ್ತರ. ಹಾಡು ಅದೇ ಇತ್ತು, ನಡಗಿ ಬ್ಯಾರೆ ಆತು, ಅಷ್ಟ.”

ಈಗ ನನ್ನ ತಂಗಿಯ ವಿಷಯ. ಕಾಶೀಬಾಯಿಯನ್ನು ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟಿದೆ. ಊರಿನ ಹೆಸರು ಬರೆಯುವುದಿಲ್ಲ, ಬೇಕಾದವರಿಗೆ ಗೊತ್ತಿದೆ. ಗಂಡ ಹೋದ ಮೇಲೆ ಕೂಲಿ ಹೆಂಗಸರ ಗುಂಪು ಕಟ್ಟಿಕೊಂಡು ತೊಗರಿ ಕೊಯ್ಲು, ಹತ್ತಿ ಬಿಡಿಸುವುದು, ಕಳೆ ಎಲ್ಲ ಅವಳೇ ಮುಂದೆ ನಿಂತು ಮಾಡಿಸುತ್ತಾಳೆ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಆ ಊರಿನಲ್ಲಿ ಮೇಲಿನ ಓಣಿಗೆ ದಿನಾ ನಳ ಬರುತ್ತದೆ, ಕೇರಿಗೆ ಬಂದಾಗ ಬಂತು. ಅದನ್ನು ಕೇಳಲು ಪಂಚಾಯ್ತಿಗೆ ಹೋದರೆ ಕೂರಲು ಹೇಳುವವರಿಲ್ಲ. ವಾರ್ಡಿನ ಮೆಂಬರು ಯಾವಾಗಲೂ ಸಾವ್ಕಾರರ ಮನೆಯವರೇ. ಚುನಾವಣೆ ಎಂಬುದೇ ನಡೆಯುತ್ತಿರಲಿಲ್ಲ. ಯಾರೂ ಎದುರು ನಿಲ್ಲುತ್ತಿರಲಿಲ್ಲ, ಅವಿರೋಧ ಆಯ್ಕೆ, ಮರುದಿನ ಮೆರವಣಿಗೆ. ಮೆರವಣಿಗೆಗೆ ಪ್ರತಿಸಲ ನಮ್ಮದೇ ಬ್ಯಾಂಡ್.

ಆ ಸಲವೂ ನಾಮಪತ್ರ ಹಾಕುವ ಮೊದಲೇ ಅವರ ಆಳು ಬಂದು ವೀಳ್ಯ ಕೊಟ್ಟು ಹೋದ. ವೀಳ್ಯವೆಂದರೆ ಎಲೆ, ಅಡಿಕೆ, ಮೇಲೊಂದು ಮುಂಗಡದ ನೋಟು. ಅದನ್ನು ಹಿಡಿದ ಬ್ಯಾಂಡಿನವನು ಮನೆಯಲ್ಲಿ ಸಾವಾದರೆ ಮಾತ್ರ ತಪ್ಪಿಸಬಹುದು. ಉಸ್ತಾದರ ಕಾಲದಿಂದ ನಾವು ವೀಳ್ಯ ಹಿಂತಿರುಗಿಸಿದ್ದಿಲ್ಲ, ಹಿಂತಿರುಗಿಸಿದವನನ್ನು ಮುಂದೆ ಯಾರೂ ನಂಬುವುದಿಲ್ಲ. ನಾನು ಹಿಡಿದ ಮೇಲೆ ಸುದ್ದಿ ಬಂತು, ಕಾಶೀಬಾಯಿ ನಾಮಪತ್ರ ಹಾಕಿದ್ದಾಳೆ.

ಚುನಾವಣೆ ನಡೆಯಿತು. ಸಾವ್ಕಾರರ ಮಗ, ಊರೆಲ್ಲ ಸಣ್ಣ ಸಾವ್ಕಾರ ಅನ್ನುವ ಹುಡುಗ, ಗೆದ್ದ. ಕಾಶೀಬಾಯಿ ಸೋತಳು. ಆದರೆ ಸೋತದ್ದಕ್ಕೆ ಅವಳ ಮೇಲೆ ಯಾರಿಗೂ ಸಿಟ್ಟಿರಲಿಲ್ಲ, ನಿಂತದ್ದಕ್ಕೆ ಸಿಟ್ಟು. ಅವರ ಮನೆತನ ವೋಟು ಕೇಳಿಕೊಂಡು ಕೇರಿಗೆ ಬರುವಂತೆ ಮಾಡಿದ್ದಳಲ್ಲ, ಅದಕ್ಕೆ. ಅವರ ಹುಡುಗರು ಅಂಗಡಿ ಕಟ್ಟೆಯ ಮೇಲೆ ಕೂತು ಹೇಳಿದ್ದು ನನ್ನ ಕಿವಿಗೂ ಬಂತು: ಮೆರವಣಿಗೆ ಆಕಿ ಮನಿ ಮುಂದ ನಿಲ್ತದ, ಆ ಹಾಡು ಹಚ್ಚತೀವಿ, ಆಕಿ ಹೊರಗ ಬಂದು ಕೈ ಮುಗಿಯೋತನ ಬಿಡಂಗಿಲ್ಲ. ಬ್ಯಾಂಡೂ ಆಕಿ ಅಣ್ಣಂದೇ.

ನಾನು ತಂಗಿಗೆ ಫೋನು ಮಾಡಿದೆ.

“ಏನ್ ಮಾಡ್ಲಿಬೇ? ವೀಳ್ಯ ಹಿಡದೇನಿ.”

“ಹಿಡದೀಯಲ್ಲ, ಬಾ” ಎಂದಳು. “ನಿನ್ನ ಕೇಳಿ ನಾ ನಾಮಿನೇಶನ್ ಹಾಕೇನೇನು? ನಿನ್ನ ಕೆಲಸ ನೀ ಮಾಡು. ಊದು.”

“ಹೊರಗ ಬರೋತನ ಬಿಡಂಗಿಲ್ಲ ಅಂತಾರ.”

“ಬಿಡಬ್ಯಾಡ್ರಿ ಅನ್ನು. ನಾ ಒಳಗ ಕುಂದರ್ತೇನಿ. ಇವತ್ತ ನಾ ಎದ್ದು ಕೈ ಮುಗದ್ನಂದ್ರ, ಯಣ್ಣಾ, ಮುಂದ ಈ ಕೇರ್ಯಾಗಿಂದ ಒಂದ್ ನಾಯಿ ಸುದ್ದಾ ನಾಮಿನೇಶನ್ ಹಾಕಂಗಿಲ್ಲ.”

ಇಷ್ಟು ಹೇಳಿ ಫೋನ್ ಇಟ್ಟಳು. 

ಮೆರವಣಿಗೆ ದಿನ ಬಿಸಿಲು ಬೆಂಕಿ. ಡಿಜೆಗೆ ಪೊಲೀಸರು ಅನುಮತಿ ಕೊಟ್ಟಿರಲಿಲ್ಲ, ಆದ್ದರಿಂದ ಸದ್ದೆಲ್ಲ ನಮ್ಮದೇ. ಟ್ರ್ಯಾಕ್ಟರಿನ ಟ್ರಾಲಿಗೆ ಬಾಳೆಕಂಬ, ಹೂವು, ನಡುವೆ ದೊಡ್ಡ ಕುರ್ಚಿ. ಕುರ್ಚಿಯಲ್ಲಿ ಸಣ್ಣ ಸಾವ್ಕಾರ, ಕೊರಳ ತುಂಬ ಹಾರ, ಹಣೆ ತುಂಬ ಗುಲಾಲು. ಮೇಲಿನ ಓಣಿ ಮುಗಿಸಿ, ಊರಬಾಗಿಲಾದ ಅಗಸಿ ದಾಟಿ, ಟ್ರ್ಯಾಕ್ಟರು ಕೇರಿಯ ಕಡೆ ತಿರುಗಿತು. ಆ ಮನೆತನದ ಮೆರವಣಿಗೆ ಕೇರಿಯೊಳಗೆ ಕಾಲಿಟ್ಟಿದ್ದು ಅದೇ ಮೊದಲು. ಕಾಶೀಬಾಯಿಯ ಮನೆಯ ಮುಂದೆ ನಿಂತಿತು. ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಅವಳು ಮೊರದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

“ಮಾಸ್ತರ, ಹಚ್ಚ್ರಿ ಅದನ್ನ” ಎಂದ ಸಣ್ಣ ಸಾವ್ಕಾರ ಮೇಲಿನಿಂದ.

“ಯಾವುದ್ರಿ?”

“ಊರೇ ಹಾಡ್ತದ, ನಿಮಗ ಗೊತ್ತಿಲ್ಲೇನು?”

ಹಚ್ಚಿದೆವು. ಹುಡುಗರು ಅವಳ ಬಾಗಿಲಿಗೆ ಮುಖ ಮಾಡಿ, ಕೈ ಚಾಚಿ, ಗಂಟಲು ಹರಿಯುವಂತೆ ಹಾಡಿದರು. ಕುಂತವ್ರು ಎದ್ದು ಕೈ ಮುಗೀರಿ. ಮೊರದಲ್ಲಿ ತೊಗರಿ ಹಾರುವ ಸದ್ದು ನನಗೆ ಕೇಳಿಸುತ್ತಿರಲಿಲ್ಲ, ಆದರೆ ಅವಳ ಕೈ ಆಡುವುದು ಕಾಣುತ್ತಿತ್ತು. ಹಾಡು ಮುಗಿಯಿತು. “ಮತ್ತ ಹಚ್ಚ್ರಿ.” ಮತ್ತೆ ಹಚ್ಚಿದೆವು. ಮತ್ತೆ ಮುಗಿಯಿತು. ಯಾರೋ ಗುಲಾಲು ತೂರಿದರು, ಅದು ಹೊಸ್ತಿಲ ಮೇಲೆ, ರಂಗೋಲಿಯ ಮೇಲೆ ಬಿತ್ತು. ಅಕ್ಕಪಕ್ಕದ ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು, ಅವರ ಗಂಡಸರು ಹಿಂದೆ ಕತ್ತಲಲ್ಲಿ. ಒಬ್ಬ ಹುಡುಗ ಕುಣಿಯುತ್ತಲೇ ಅವಳ ಕಟ್ಟೆ ಹತ್ತಿದ. ಇನ್ನೊಂದು ಹೆಜ್ಜೆ ಇಟ್ಟರೆ ಒಳಗೆ ಹೋಗಿ ರಟ್ಟೆ ಹಿಡಿದು ಎಳೆದು ತರುವವನು.

“ಮಾಸ್ತರ, ಇನ್ನೊಮ್ಮಿ. ಆಕಿ ಬರೋತನ ಬಿಡಬ್ಯಾಡ್ರಿ.”

ನಾನು ಹುಸೇನಿಯ ಕಡೆ ನೋಡಿದೆ. ನಾನೇನೂ ಹೇಳಲಿಲ್ಲ, ಸನ್ನೆಯನ್ನೂ ಮಾಡಲಿಲ್ಲ. ಅವನು ಒಮ್ಮೆ ಟ್ರಾಲಿಯ ಮೇಲೆ ಕುರ್ಚಿಯಲ್ಲಿ ಹಾರ ಹಾಕಿಕೊಂಡು ಕೂತವನನ್ನು ನೋಡಿದ, ಒಮ್ಮೆ ಕಾಶೀಬಾಯಿಯ ಬಾಗಿಲು ನೋಡಿದ. ಬಗ್ಗಿ ಡ್ರಮ್ಮಿನ ಕೆಳಗಿನ ತಂತಿ ಸಡಿಲಿಸಿದ. ಹೆಗಲ ಮೇಲಿನ ಟವೆಲ್ ತೆಗೆದು ನಾಲ್ಕು ಮಡಿಕೆ ಮಾಡಿ ಡ್ರಮ್ಮಿನ ಮೇಲೆ ಹಾಸಿದ.

ಧಬ್.

ನಾನು ಕ್ಲಾರಿನೆಟ್ ಎತ್ತಿದೆ. ಅದೇ ಹಾಡು, ಒಂದು ಸ್ವರ ಆಚೀಚೆ ಇಲ್ಲ. ಸಾ-ವ್ಕಾ-ರ, ಧಬ್, ಬಂ-ದಾ-ನ, ಧಬ್. ಕಾರ್ನೆಟ್ಟಿನವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಅವನು ಆ ನಡಿಗೆ ಬಲ್ಲ. ಹುಡುಗರು ಮೊದಲು ಹಾಡಲು ಹೋದರು. ಮಾತು ಬಾಯಲ್ಲಿ ಎಳೆದುಕೊಂಡು ಹೋಗಿ ಅಳುವ ಹಾಗೆ ಕೇಳಿತು, ನಾಚಿ ನಿಲ್ಲಿಸಿದರು. ಕಾಲು ಎತ್ತಿದವರಿಗೆ ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಕಟ್ಟೆ ಹತ್ತಿದ್ದವನು ಸದ್ದಿಲ್ಲದೆ ಇಳಿದ. ಮೆರವಣಿಗೆಯಲ್ಲಿದ್ದ ಮುದುಕರು ಏನು ಮಾಡುತ್ತಿದ್ದೇವೆಂದು ಯೋಚಿಸದೆ ಪಕ್ಕಕ್ಕೆ ಸರಿದು ನಿಂತರು, ಒಬ್ಬ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದ. ಆಗ ಎಲ್ಲರ ಕಣ್ಣೂ ಟ್ರಾಲಿಯ ಕಡೆ ಹೋಯಿತು. ಹೂವಿನ ನಡುವೆ, ಕುರ್ಚಿಯಲ್ಲಿ, ಹಾರ ಹಾಕಿಕೊಂಡು, ಹಣೆಗೆ ಬಣ್ಣ ಬಳಿದುಕೊಂಡು ಕೂತವನ ಕಡೆ.

“ಏನ್ ಹಚ್ಚೀಯಲೇ ಇದು?” ಎಂದು ಅವನು ಕುರ್ಚಿ ಬಿಟ್ಟು ಅರ್ಧ ಎದ್ದ.

ಕ್ಲಾರಿನೆಟ್ ಬಾಯಿಂದ ತೆಗೆದು ಹೇಳಿದೆ, “ನೀವು ಹೇಳಿದ್ದೇ ಹಾಡ್ರಿ. ಊರೇ ಹಾಡ್ತದಂದ್ರಲ್ಲ.”

ಹುಸೇನಿ ಧಬ್ ಬಿಡಲಿಲ್ಲ. ಒಳಗೆ ಕಾಶೀಬಾಯಿ ಮೊರ ಪಕ್ಕಕ್ಕಿಟ್ಟು ಎದ್ದಳು. ಹೊರಗಿನ ಹುಡುಗರಿಗೆ ಜೀವ ಬಂತು, “ಬಂದಳು, ಬಂದಳು” ಎಂದರು. ಅವಳು ಹೊಸ್ತಿಲಿಗೆ ಬಂದಾಗ ಅವಳ ಎರಡೂ ಕೈಯಲ್ಲಿ ಕೊಡ ಇತ್ತು. ಯಾರ ಮುಖವನ್ನೂ ನೋಡಲಿಲ್ಲ. ಬಾಗಿಲ ಮುಂದೆ ಈ ಕೊನೆಯಿಂದ ಆ ಕೊನೆಯವರೆಗೆ ನಿಧಾನ ನೀರು ಚೆಲ್ಲಿದಳು. ಗುಲಾಲು ನೀರಿನೊಂದಿಗೆ ಚರಂಡಿಗೆ ಹರಿಯಿತು. ಕೊಡ ಬಗ್ಗಿಸಿ ಕೊನೆಯ ಹನಿ ಬೀಳಿಸಿ ಒಳಗೆ ಹೋದಳು.

ಪಕ್ಕದ ಮನೆಯ ಮುದುಕಿ ತನ್ನ ಕೊಡ ತಂದಳು. ಎದುರು ಮನೆಯ ಸೊಸೆ ತಂದಳು. ಆಮೇಲೆ ಕೇರಿಯ ಎರಡೂ ಬದಿಯಲ್ಲಿ ನೀರು ಬೀಳುವ ಸದ್ದು. ಟ್ರ್ಯಾಕ್ಟರಿನ ಡ್ರೈವರ್ ಯಾರೂ ಹೇಳದೆ ಗಾಡಿ ಚಾಲು ಮಾಡಿ ಮುಂದೆ ತೆಗೆದ. ಅವನೂ ನಮ್ಮ ಸೀಮೆಯವನೇ, ಹೆಣ ಬಾಗಿಲಲ್ಲಿ ನಿಲ್ಲಿಸಬಾರದು ಎಂಬುದು ಅವನಿಗೆ ಗೊತ್ತು.

ಇದರ ಬೆಲೆ ತೆತ್ತಿದ್ದೇವೆ, ಅದನ್ನೂ ಹೇಳಬೇಕು. ಊರ ಹೊರಗೆ ನಮ್ಮನ್ನು ತಡೆದು ಹೊಡೆದರು. ಹುಸೇನಿಯ ಡ್ರಮ್ಮಿನ ಚರ್ಮ ಹರಿದರು. ನನ್ನ ಹಲ್ಲು ಮೊದಲು ಸಡಿಲಾದದ್ದು ಅಂದು, ಹೋಳಿಗೆ ಬರೀ ಕೊನೆಯ ಕೆಲಸ ಮಾಡಿತು. ಮೇಲಿಂದ ಅವರೇ ಹೋಗಿ ಠಾಣೆಯಲ್ಲಿ ದೂರು ಕೊಟ್ಟರು. ಸಾಹೇಬರು ನನ್ನನ್ನು ಕರೆಸಿ ಕೇಳಿದರು, “ಇವರು ಹೇಳಿದ ಹಾಡು ಬಾರಿಸಿದ್ಯೋ ಇಲ್ಲೋ?”

“ಅದನ್ನೇ ಬಾರಿಸೀನ್ರಿ.”

“ಮತ್ತ ಏನ್ ತಕರಾರು ಇವರದು?”

“ನಿಧಾನ ಬಾರಿಸ್ಯಾನ್ರಿ ಸಾಹೇಬ್ರ” ಎಂದರು ಅವರ ಕಡೆಯವರು. ಸಾಹೇಬರು ಪೆನ್ನು ಕೆಳಗಿಟ್ಟು, ನಿಧಾನ ಬಾರಿಸಿದ್ದಕ್ಕೆ ಯಾವ ಕೇಸು ಹಾಕಬೇಕು ಎಂದು ಅವರನ್ನೇ ಕೇಳಿದರು. ನಮಗೆ ಹೊಡೆದದ್ದಕ್ಕೂ ಅವರು ಕೇಸು ಹಾಕಲಿಲ್ಲ, ಅದೂ ನೆನಪಿದೆ.

ಆ ಭಾಗದ ದೊಡ್ಡ ಮನೆಗಳ ಮದುವೆ ಮತ್ತೆ ನಮಗೆ ಸಿಗಲಿಲ್ಲ. ಹುಡುಗರು ಬೇರೆ ಬ್ಯಾಂಡಿಗೆ ಹೋದರು. ಇಷ್ಟಾದರೂ ಮಾಸ್ತರ, ಪಶ್ಚಾತ್ತಾಪ ಇಲ್ಲವೇ ಎಂದು ಕೇಳುವವರಿದ್ದಾರೆ. ಇಲ್ಲ. ಇನ್ನೊಮ್ಮೆ ವೀಳ್ಯ ಕೊಟ್ಟರೆ ಇನ್ನೊಮ್ಮೆ ಬಾರಿಸುತ್ತೇನೆ, ಹಲ್ಲು ಕಟ್ಟಿಸಿಕೊಂಡಾದರೂ ಬಾರಿಸುತ್ತೇನೆ. ನೀವು ಈ ಕಸುಬಿಗೆ ಬಂದಿದ್ದೀರಿ. ನಿಮ್ಮ ಮುಂದೆ ನೋಟು ಹಿಡಿದು ಇಂಥ ಹಾಡು ಕೇಳುವವರು ಬಂದೇ ಬರುತ್ತಾರೆ. ಒಲ್ಲೆ ಅನ್ನಲು ಆಗದ ದಿನವೂ ಬರುತ್ತದೆ, ಏಕೆಂದರೆ ಮನೆಯಲ್ಲಿ ಒಲೆ ಹೊತ್ತಬೇಕು. ಹಾಡು ಅವರದಿರಲಿ, ನಡಿಗೆ ನಿಮ್ಮ ಕೈಯಲ್ಲಿದೆ. ಮಾತು ಕಲಿಯಿರಿ, ಟವೆಲ್ ಹೆಗಲ ಮೇಲಿರಲಿ.

ಆ ಸಂಜೆಯದೊಂದು ಬಾಕಿ ಇದೆ. ಏಟು ತಿಂದು ನಾನು ಹುಸೇನಿ ಇಬ್ಬರೂ ಕಾಶೀಬಾಯಿಯ ಮನೆಗೇ ವಾಪಸು ಬಂದೆವು. ಅವಳು ನನ್ನ ತುಟಿಗೆ ಅರಿಶಿಣ ಹಚ್ಚಿದಳು.

“ನಮ್ಮ ಆಟ ನಿನಗ ಹ್ಯಾಂಗ ತಿಳೀತಬೇ?” ಎಂದು ಕೇಳಿದೆ.

“ತಿಳಿಯೋದೇನದ? ಧಬ್ ಅಂತು, ಕೈ ಕೊಡದ ಮ್ಯಾಲ ಹೋತು.” ಹೊಸ್ತಿಲ ಬಳಿಯ ಖಾಲಿ ಕೊಡ ತೋರಿಸಿ ಅಂದಳು, “ಕುಡಿಯೋ ನೀರಿತ್ತು ಯಣ್ಣಾ ಅದು. ನಳ ಬರೋದು ಇನ್ನ ನಾಡಿದ್ದ.”

ಕೇರಿಯ ಎಲ್ಲ ಮನೆಯಲ್ಲೂ ಅದೇ ಕತೆ. ಹೆಂಗಸರು ಖಾಲಿ ಕೊಡ ಎತ್ತಿಕೊಂಡು ಮೇಲಿನ ಓಣಿಯ ಬೋರಿಗೆ ಹೊರಟರು, ಕಾಶೀಬಾಯಿ ಮುಂದೆ. ಬೋರಿಗೆ ಹೋಗುವ ದಾರಿ ಸಾವ್ಕಾರರ ಕಟ್ಟೆಯ ಮುಂದೆಯೇ ಹೋಗುತ್ತದೆ. ಏನಾದೀತೋ ಎಂದು ನಾನೂ ಹುಸೇನಿಯೂ ಹಿಂದೆ ನಡೆದೆವು. ಕಟ್ಟೆ ಹತ್ತಿರ ಬಂದಾಗ ಕಾಶೀಬಾಯಿ ಖಾಲಿ ಕೊಡದ ಮೇಲೆ ಅಂಗೈಯಿಂದ ತಟ್ಟಿದಳು. ಧಬ್. ಹಿಂದಿನವಳೂ ತಟ್ಟಿದಳು. ಆಮೇಲೆ ಎಲ್ಲರೂ ಆ ಹಾಡು ಹಿಡಿದರು, ನಮ್ಮ ನಡಿಗೆಯಲ್ಲೇ, ಮಾತು ಒಂದನ್ನೂ ಬದಲಿಸದೆ. ಕಟ್ಟೆಯ ಮೇಲೆ ಕೂತಿದ್ದವರು ನೆಲ ನೋಡಿದರು. ಅವರಲ್ಲೊಬ್ಬ ಮುದುಕ, ಸಣ್ಣ ಸಾವ್ಕಾರನ ಸ್ವಂತ ದೊಡ್ಡಪ್ಪ, ಕಣ್ಣು ಸರಿಯಾಗಿ ಕಾಣದವನು, ಆ ಸದ್ದು ಕೇಳಿ ಕೋಲು ಊರಿಕೊಂಡು ಎದ್ದು ನಿಂತು ಕೈ ಮುಗಿದ.

ಹೆಂಗಸರು ನೀರು ತುಂಬಿಕೊಂಡು ಅದೇ ದಾರಿಯಲ್ಲಿ ವಾಪಸು ಬಂದರು.